ಘನಸ್ಥಿತಿ ಲಿಥಿಯಂ ಬ್ಯಾಟರಿ: ಪರೀಕ್ಷಾ ಟಿಪ್ಪಣಿ

1991ರಲ್ಲಿ ಜಪಾನಿನ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಅಯಾನುಗಳು ಓಡಾಡುವುದು ಬೆಂಕಿ ಹೊತ್ತಿಕೊಳ್ಳಬಲ್ಲ ದ್ರವ ಎಲೆಕ್ಟ್ರೋಲೈಟ್‌ನಲ್ಲಿ. ಘನಸ್ಥಿತಿ ಬ್ಯಾಟರಿಯಲ್ಲಿ ಆ ಜಾಗಕ್ಕೆ ಸೆರಾಮಿಕ್, ಸಲ್ಫೈಡ್ ಅಥವಾ ಪಾಲಿಮರ್ ಬರುತ್ತದೆ.

ಲಾಭ ಸುರಕ್ಷತೆಯೊಂದೇ ಅಲ್ಲ. ಅಭ್ಯರ್ಥಿಗಳು ಎಡವುವುದು ಇಲ್ಲೇ. ಗ್ರಾಫೈಟ್ ಬದಲು ಲಿಥಿಯಂ ಲೋಹವನ್ನೇ ಆನೋಡ್ ಮಾಡಬಹುದೆಂಬುದು ದೊಡ್ಡ ಆಕರ್ಷಣೆ. ಗ್ರಾಫೈಟ್‌ನ ಸೈದ್ಧಾಂತಿಕ ಸಾಮರ್ಥ್ಯ ಗ್ರಾಂಗೆ 372 ಮಿಲಿಆಂಪಿಯರ್-ಗಂಟೆ. ಲಿಥಿಯಂನದು ಸುಮಾರು 3,860. ಹಾಗೆಂದು ಇಡೀ ಬ್ಯಾಟರಿ ಹತ್ತು ಪಟ್ಟು ಹಗುರಾಗದು. ಆನೋಡ್ ಅದರ ಒಂದು ಭಾಗವಷ್ಟೆ.

ದ್ರವ ಎಲೆಕ್ಟ್ರೋಲೈಟ್‌ನಲ್ಲಿ ಹರಿಯುವಂತೆ ಘನವಸ್ತುವಿನಲ್ಲೂ ವಿದ್ಯುತ್ ಹರಿಯಬಲ್ಲದೆಂದು ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ಗಮನಿಸಿದ್ದರು. ತಿರುವು ಸಿಕ್ಕಿದ್ದು 2011ರಲ್ಲಿ. ಜಪಾನಿನ ರ್‍ಯೋಜಿ ಕಾನ್ನೊ ತಂಡ ಲಿಥಿಯಂ, ಜರ್ಮೇನಿಯಂ, ರಂಜಕ, ಗಂಧಕ ಸೇರಿಸಿ ರೂಪಿಸಿದ 'ಎಲ್‌ಜಿಪಿಎಸ್' ಕೋಣೆಯ ಉಷ್ಣತೆಯಲ್ಲೇ ದ್ರವಕ್ಕೆ ಸರಿಸಾಟಿಯಾಗಿ ಅಯಾನು ಹರಿಸಿತು. ಅದೇ ವರ್ಷ ಪ್ಯಾರಿಸ್‌ನಲ್ಲಿ ಬಾಡಿಗೆ ಸೇವೆಗಿಳಿದ 'ಬ್ಲೂಕಾರ್' ವಿದ್ಯುತ್ ಕಾರು ಪಾಲಿಮರ್ ಬ್ಯಾಟರಿಯದು. ಅದಕ್ಕೊಂದು ವಿಚಿತ್ರ ಬೇಡಿಕೆ: ಬ್ಯಾಟರಿಯನ್ನು ಬಿಸಿಯಾಗಿಯೇ ಇಡಬೇಕಿತ್ತು.

ತೊಡಕುಗಳು ಎರಡು ಬಗೆಯವು. ಚಾರ್ಜ್ ಆಗುವಾಗ ಲಿಥಿಯಂ ಮುಳ್ಳಿನಂತೆ ಬೆಳೆದು ಸೆರಾಮಿಕ್ಕಿನ ಬಿರುಕುಗಳಲ್ಲೂ ನುಗ್ಗಿ ಶಾರ್ಟ್ ಸರ್ಕ್ಯೂಟ್ ಮಾಡುತ್ತದೆ. ಈ ಮುಳ್ಳುಗಳೇ 'ಡೆಂಡ್ರೈಟ್'. ಸಲ್ಫೈಡ್‌ಗೆ ತೇವ ತಗುಲಿದರೆ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಹೊಮ್ಮುತ್ತದೆ. ಹಾಗಾಗಿ ತಯಾರಿಕೆಗೆ ತೇವವಿಲ್ಲದ ಕೊಠಡಿ ಬೇಕು, ಖರ್ಚೂ ಹೆಚ್ಚು.

ವಾಣಿಜ್ಯ: ಟೊಯೊಟಾ–ಇದೆಮಿತ್ಸು ಒಪ್ಪಂದ 2023ರದು, ಮಾರುಕಟ್ಟೆಗೆ ತರುವ ಗುರಿ 2027–28. ಅಮೆರಿಕದ ಕ್ವಾಂಟಮ್‌ಸ್ಕೇಪ್ ಬೆನ್ನಿಗೆ ಫೋಕ್ಸ್‌ವ್ಯಾಗನ್ ಇದೆ. ಈ ಕ್ಷೇತ್ರದಲ್ಲಿ ಗಡುವು ಮುಂದೆ ಹೋಗುವುದು ಹೊಸದಲ್ಲ. ಉತ್ತರದಲ್ಲಿ 'ಗುರಿ' ಎಂದೇ ಬರೆಯಿರಿ.