ಡಾಕ್ಟ್ರು ಹೇಳಿದ್ದು ನಮಗೆ ತಿಳೀತಾ?



ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ, ಸಾಲದ ಕಂತು ಎಲ್ಲಾ ಬರೆದು ಮುಗಿದ ಮೇಲೆ ಒಬ್ಬ ಸದಸ್ಯೆ ಮಡಿಚಿದ ಚೀಟಿ ತೆಗೆದು ತೋರಿಸಿದರು. ಅವರ ಗಂಡನ ಕಫ ಪರೀಕ್ಷೆಯ ರಿಪೋರ್ಟು. "ಪಾಸಿಟಿವ್ ಅಂತ ಬಂದಿದೆ, ದೇವರು ದೊಡ್ಡವನು, ಏನೂ ತೊಂದರೆ ಇಲ್ಲ" ಎಂದರು. ಚೀಟಿ ಕೈಗೆ ಬಂದು ಆಗಲೇ ಮೂರು ವಾರ. ಪಾಸಿಟಿವ್ ಅಂದರೆ ಒಳ್ಳೆಯದು ಅಂತ ಮನೆಯವರೆಲ್ಲ ತಿಳಿದಿದ್ದರು. ಚೀಟಿ ಕೊಟ್ಟವರು ಆ ಒಂದು ಮಾತು ಬಿಟ್ಟು ಬೇರೇನೂ ಹೇಳಿರಲಿಲ್ಲ. ಎರಡು ವರ್ಷದ ಮೊಮ್ಮಗು ದಿನಾ ಅಜ್ಜನ ಪಕ್ಕದಲ್ಲೇ ಮಲಗುತ್ತಿತ್ತು.

ಪರೀಕ್ಷೆಯ ಚೀಟಿಯಲ್ಲಿ ಪಾಸಿಟಿವ್ ಅಂದರೆ 'ಹುಡುಕಿದ್ದು ಸಿಕ್ಕಿದೆ' ಎಂದು ಅರ್ಥ. ನೆಗೆಟಿವ್ ಅಂದರೆ 'ಹುಡುಕಿದ್ದು ಸಿಗಲಿಲ್ಲ'. ಕಫದಲ್ಲಿ ಹುಡುಕುವುದು ಟಿ.ಬಿ. ರೋಗಾಣುವನ್ನು. ಸಿಕ್ಕಿದೆ ಅಂದರೆ ಕಾಯಿಲೆ ಇದೆ. ಬಸಿರಿನ ಪರೀಕ್ಷೆಯಲ್ಲಿ ಅದೇ ಪಾಸಿಟಿವ್ ಸಿಹಿ ಸುದ್ದಿ. ಆದ್ದರಿಂದ ಮೊದಲು ಕೇಳಬೇಕಾದ್ದು, "ಏನನ್ನು ಹುಡುಕಿದ್ರಿ?" ಅಂತ.

ಮರುದಿನವೇ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದೆವು. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳು ಮಾತ್ರೆ, ಪೂರಾ ಉಚಿತ. ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿಸಿದ್ದಾರೆ. ಜೊತೆಯಲ್ಲಿ ಇರುವವರಿಗೂ, ಮುಖ್ಯವಾಗಿ ಸಣ್ಣ ಮಕ್ಕಳಿಗೆ, ತಪಾಸಣೆ ಮಾಡಿಸಬೇಕು.

ತಪ್ಪು ಬೇರೆಯವರದ್ದು ಮಾತ್ರ ಅನ್ನುವ ಹಾಗಿಲ್ಲ. ನಾವೂ ಒಮ್ಮೆ ತರಬೇತಿಯ ಗೋಡೆಪಟದಲ್ಲಿ 'ಭೇದಿಯಿಂದ ನಿರ್ಜಲೀಕರಣ ಆಗದಂತೆ ಎಚ್ಚರ ವಹಿಸಿ' ಅಂತ ದಪ್ಪಕ್ಷರದಲ್ಲಿ ಬರೆಸಿದ್ದೆವು. ಒಬ್ಬ ಅಜ್ಜಿ, "ಇದು ಬೋರ್‌ವೆಲ್ ವಿಷಯವಾ ಅಮ್ಮಾ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಅಜ್ಜಿ ಕೇಳಿದ್ದು ಸರಿ. ಇಂಗ್ಲಿಷ್ ಬಿಟ್ಟು ದೊಡ್ಡ ದೊಡ್ಡ ಕನ್ನಡ ಪದ ಹಾಕಿದರೆ ಸುಲಭ ಆಯಿತು ಅಂತಲ್ಲ. 'ಮಗುವಿನ ಮೈಯಲ್ಲಿ ನೀರು ಬತ್ತಿದೆ. ನಾಲಿಗೆ ಒಣಗಿದೆ, ಅತ್ತರೂ ಕಣ್ಣೀರಿಲ್ಲ, ಉಚ್ಚೆ ಕಮ್ಮಿ' ಅಂದರೆ ಯಾವ ತಾಯಿಗೂ ತಿಳಿಯುತ್ತದೆ.

ಇನ್ನು 'ರಕ್ತಹೀನತೆ'. ಇದನ್ನು ಸುಲಭ ಮಾಡಲು ಹೋಗಿ ನಾವು 'ರಕ್ತ ಕಮ್ಮಿ' ಅನ್ನುತ್ತಾ ಬಂದೆವು. ಅದರಿಂದಲೂ ಎಡವಟ್ಟಾಯಿತು. ಒಬ್ಬ ಬಸುರಿ ಹೆಣ್ಣುಮಗಳು ಎರಡನೇ ಸಲ ರಕ್ತ ಪರೀಕ್ಷೆಗೆ ಹೋಗಲೇ ಇಲ್ಲ. ಯಾಕಮ್ಮಾ ಅಂದರೆ, "ಇರೋದೇ ಕಮ್ಮಿ ಅಂತೀರಿ, ಮತ್ತೆ ಅದನ್ನೇ ತೆಗೀತೀರಲ್ಲ!" ಎಂದಳು. ಅವಳ ಲೆಕ್ಕ ಅವಳಿಗೆ ಸರಿಯೇ.

ಈಗ ನಾವು ಹೀಗೆ ಹೇಳುತ್ತೇವೆ. ಪಾತ್ರೆ ತುಂಬಾ ಸಾರಿದೆ, ಆದರೆ ಬೇಳೆ ಇಲ್ಲ, ನೀರು ನೀರು. ಹಾಗೇ ಮೈಯಲ್ಲಿ ರಕ್ತ ಇದೆ, ಅದರಲ್ಲಿರುವ ಕೆಂಪು ಸತ್ವ ಕಮ್ಮಿ. ಆ ಸತ್ವದ ಹೆಸರೇ ಹಿಮೋಗ್ಲೋಬಿನ್, ಚೀಟಿಯಲ್ಲಿ 'ಎಚ್.ಬಿ.' ಅಂತ ಬರೆದಿರುತ್ತಾರೆ. ನಾವು ಎಳೆದುಕೊಳ್ಳುವ ಗಾಳಿಯಲ್ಲಿನ ಆಮ್ಲಜನಕವನ್ನು ಮೈಗೆಲ್ಲ ಹೊತ್ತು ಹಾಕುವುದು ಅದೇ. ಅದು ಕಮ್ಮಿಯಾದರೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಸುತ್ತು. ಹೆಂಗಸರಿಗೆ 12 ಗ್ರಾಂ, ಬಸುರಿಯರಿಗೆ 11 ಗ್ರಾಂ ಆದರೂ ಇರಬೇಕು. 7ಕ್ಕಿಂತ ಕೆಳಗಿದ್ದರೆ ತಡ ಮಾಡದೆ ಆಸ್ಪತ್ರೆಗೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ಈ ತೊಂದರೆ ಇತ್ತು. ಅಂದರೆ ನಮ್ಮ ಸಂಘದ ಚಾಪೆಯ ಮೇಲೂ ಕೆಲವರು ಕೂತಿದ್ದಾರೆ.

ಬಸುರಿಯರಿಗೆ ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ ಕೊಡುತ್ತಾರೆ, 180 ದಿನ. ಹೆರಿಗೆ ಆದ ಮೇಲೂ 180 ದಿನ. 'ಕಬ್ಬಿಣ' ಅಂದ ಕೂಡಲೇ ಹೆದರುವವರಿದ್ದಾರೆ. ಸೊಪ್ಪಿನಲ್ಲಿ, ರಾಗಿಯಲ್ಲಿ ಇರುವುದೂ ಅದೇ ಕಬ್ಬಿಣದಂಶ. ಮಾತ್ರೆ ತಗೊಂಡಾಗ ಮಲ ಕಪ್ಪಾಗುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ಗಾಬರಿಯಾಗಿ ಮಾತ್ರೆ ಬಿಸಾಡುತ್ತಾರೆ. ಟೀ, ಕಾಫಿ ಜೊತೆಗೆ ತಗೋಬೇಡಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ.

ಮಾತ್ರೆ ಚೀಟಿಯ ಬಗ್ಗೆ ಎರಡು ಮಾತು. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 'ಎಸ್.ಓ.ಎಸ್.' ಅಂದರೆ ತೊಂದರೆ ಕಂಡಾಗ ಮಾತ್ರ. ನೋವಿನ ಮಾತ್ರೆಗೆ ಹಾಗೆ ಬರೆದದ್ದು ತಿಳಿಯದೆ ದಿನಾ ನುಂಗಿ ಹೊಟ್ಟೆ ಉರಿ ತಂದುಕೊಂಡವರು ನಮ್ಮಲ್ಲೇ ಇದ್ದಾರೆ. ಅಕ್ಷರ ಓದಲಾಗದಿದ್ದರೆ ಸಂಕೋಚ ಬೇಡ, ಬಿಡಿಸಿ ಬರೆದುಕೊಡಿ ಅನ್ನಿ. ಓದುವ ಹಾಗೆ, ಆದಷ್ಟು ದೊಡ್ಡ ಅಕ್ಷರದಲ್ಲಿ ಔಷಧಿ ಹೆಸರು ಬರೆಯಬೇಕು ಅಂತ 2016ರಲ್ಲೇ ಡಾಕ್ಟ್ರುಗಳಿಗೆ ನಿಯಮ ಮಾಡಿದ್ದಾರೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದೇ ಅಭ್ಯಾಸ. "ತಿಳೀತಾ?" ಅಂದಾಗ ನಾವೆಲ್ಲ ತಲೆ ಆಡಿಸಿಬಿಡುತ್ತೇವೆ, ಹಿಂದೆ ಸಾಲು ನಿಂತಿರುತ್ತಲ್ಲ. ಅದರ ಬದಲು, "ನಾನು ತಿಳಿದದ್ದು ಹೇಳ್ತೀನಿ ಸಾರ್, ಸರೀನಾ ನೋಡಿ" ಅಂತ ನಮ್ಮ ಮಾತಲ್ಲೇ ತಿರುಗಿ ಒಪ್ಪಿಸುವುದು. ಅರ್ಧ ನಿಮಿಷ ಸಾಕು. ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೆಲವರು ಸಿಡುಕುತ್ತಾರೆ, ನಿಜ. ಮತ್ತೆ ಕೇಳಿ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಸಂಘದ ಒಬ್ಬರನ್ನೋ ಆಶಾ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಮುಂದಿನ ಸಭೆಗೆ: ಮನೆಯಲ್ಲಿರುವ ಒಂದು ಮಾತ್ರೆ ಚೀಟಿ ಅಥವಾ ತಾಯಿ ಕಾರ್ಡು ತನ್ನಿ. ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಸಿಸ್ಟರ್ ಆಗಿ ಹೇಳಲಿ, ಇನ್ನೊಬ್ಬರು ತಮ್ಮ ಮಾತಲ್ಲಿ ತಿರುಗಿ ಹೇಳಲಿ. ಯಾರಿಗೂ ತೋರಿಸಲು ಇಷ್ಟವಿಲ್ಲದ ಚೀಟಿ ಇದ್ದರೆ ತರಬೇಡಿ, ಒತ್ತಾಯ ಇಲ್ಲ. ತಿಳಿಯದ ಪದಗಳನ್ನು ನಡಾವಳಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ನಾವು ಬಂದಾಗ ಸೇರಿ ನೋಡೋಣ.