ಟೆಕ್ನಿಷಿಯನ್ ಬರುವ ಹಿಂದಿನ ಸಂಜೆ

ಲ್ಯಾಪ್‌ಟಾಪಿಗೆ ಆನ್‌ಸೈಟ್ ವಾರಂಟಿ ಇದ್ದರೆ ಕೆಟ್ಟಾಗ ಹೊತ್ತುಕೊಂಡು ತಿರುಗಬೇಕಿಲ್ಲ, ರಿಪೇರಿಯವರೇ ಮನೆಗೆ ಬರುತ್ತಾರೆ. ಆದರೆ ಅವರು ಬರುವುದು ಯಂತ್ರವನ್ನು ಸರಿಮಾಡಲು. ಅದರೊಳಗಿನ ಫೈಲು, ಫೋಟೊ, ಲೆಕ್ಕಪತ್ರಗಳಿಗೆ ತಾನು ಹೊಣೆಯಲ್ಲ ಎಂದು ಕಂಪನಿ ವಾರಂಟಿ ಕಾಗದದಲ್ಲೇ ಬರೆದಿರುತ್ತದೆ. ನಾನು ಮೈಸೂರಿನಲ್ಲಿ ಮನೆಯಲ್ಲೇ ಕೂತು ಅನುವಾದ ಮಾಡುವವಳು. ನನ್ನ ಸಂಪಾದನೆಯೆಲ್ಲ ಆ ಫೈಲುಗಳಲ್ಲೇ ಇದೆ. ಹಾಗಾಗಿ ಟೆಕ್ನಿಷಿಯನ್ ಬರುವ ದಿನಕ್ಕಿಂತ ಅದರ ಹಿಂದಿನ ಸಂಜೆಯೇ ನನಗೆ ಮುಖ್ಯ.

ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ಪವರ್ ಬಟನ್ ಒತ್ತಿದರೆ ಪಕ್ಕದ ಸಣ್ಣ ದೀಪ ಕೆಲವು ಸಲ ಕಿತ್ತಳೆ, ಕೆಲವು ಸಲ ಬಿಳಿ ಬಣ್ಣದಲ್ಲಿ ಮಿನುಗಿ ನಿಲ್ಲುತ್ತಿತ್ತು. ಏನು ಕೆಟ್ಟಿದೆ ಎಂಬುದರ ಸುಳಿವು ಆ ಮಿನುಗಿನಲ್ಲೇ ಇರುತ್ತದೆ. ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ತಳದಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುವ ಸೀರಿಯಲ್ ನಂಬರನ್ನೂ ಫೋಟೊ ತೆಗೆದು, ದೊಡ್ಡದು ಮಾಡಿ ಓದಿ ಬರೆದಿಟ್ಟುಕೊಂಡೆ.

ದೂರು ಕೊಡುವಾಗ ನಾವು ಹೇಳುವ ಮಾತಿಗೆ ತುಂಬಾ ಬೆಲೆಯಿದೆ. ಟೆಕ್ನಿಷಿಯನ್ ಬ್ಯಾಗಿನಲ್ಲಿ ಎಲ್ಲ ಬಿಡಿಭಾಗಗಳೂ ಇರುವುದಿಲ್ಲ. ಫೋನಿನಲ್ಲಿ ವಿಚಾರಿಸಿದವರು ಯಾವ ಪಾರ್ಟ್ ಬರೆದರೋ ಅದನ್ನಷ್ಟೇ ತರುತ್ತಾರೆ. ‘ಮದರ್‌ಬೋರ್ಡ್ ಹೋಗಿರಬೇಕು’ ಎಂದು ನಮ್ಮ ಊಹೆ ಸೇರಿಸುವುದರಿಂದ ಉಪಯೋಗವಿಲ್ಲ. ಚಾರ್ಜರ್ ಹಾಕಿದರೆ ದೀಪ ಹತ್ತುತ್ತದೆಯೇ, ಫ್ಯಾನ್ ತಿರುಗುತ್ತದೆಯೇ, ಪರದೆಯಲ್ಲಿ ಏನಾದರೂ ಮೂಡುತ್ತದೆಯೇ ಎಂದು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ನನ್ನ ವಿಡಿಯೊ ನೋಡಿದ ಮೇಲೇ ಅವರು ಮದರ್‌ಬೋರ್ಡ್ ಬದಲಿಸುವುದೆಂದು ತೀರ್ಮಾನಿಸಿದರು.

ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಬೇಡಿ. ಅಲ್ಲಿ ನಕಲಿ ನಂಬರುಗಳು ಸೇರಿಕೊಂಡಿರುತ್ತವೆ. ವಾರಂಟಿ ಕಾಗದದಲ್ಲಿ ಅಥವಾ ಕಂಪನಿಯ ಸ್ವಂತ ಜಾಲತಾಣದಲ್ಲಿ ಇರುವುದನ್ನೇ ಬಳಸಿ. ‘ಬುಕಿಂಗ್‌ಗೆ ಹತ್ತು ರೂಪಾಯಿ ಕಳಿಸಿ’, ‘ಈ ಆ್ಯಪ್ ಹಾಕಿಕೊಳ್ಳಿ, ನಿಮ್ಮ ಸ್ಕ್ರೀನ್ ನೋಡ್ತೀವಿ’ ಎಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಆ ಸಂಜೆಯ ಕೆಲಸ. ಬೋರ್ಡ್ ಬದಲಾಗುತ್ತದೆ ಎಂದ ಕೂಡಲೇ ನಾನು ಕೇಳಿದ್ದು, ‘ಎಸ್‌ಎಸ್‌ಡಿ ಬೇರೆ ಇದೆಯಾ, ಬೋರ್ಡಿಗೇ ಬೆಸುಗೆ ಹಾಕಿದ್ದಾ?’ ಎಂದು. ಫೈಲುಗಳೆಲ್ಲ ಇರುವುದು ಅದರಲ್ಲೇ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದು ಬೋರ್ಡಿಗೇ ಅಂಟಿರುತ್ತದೆ, ಬೋರ್ಡ್ ಹೋದರೆ ಅದರಲ್ಲಿದ್ದದ್ದೂ ಹೋದಂತೆಯೇ. ನನ್ನದರಲ್ಲಿ ಬೇರೆಯೇ ಇತ್ತು. ಹಳೆಯದನ್ನು ಬಿಚ್ಚಿ ಹೊಸ ಬೋರ್ಡಿಗೆ ಹಾಕಿದರಾಯಿತು. ಆದರೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ವಾರವಾರ ತೆಗೆದಿಡುವ ಬ್ಯಾಕಪ್ ಸರಿಯಾಗಿ ತೆರೆಯುತ್ತದೆಯೇ ಎಂದು ಮಗಳ ಕಂಪ್ಯೂಟರಿಗೆ ಹಾಕಿ ನೋಡಿದೆ. ಅದೇ ಡಿಸ್ಕಿನಲ್ಲಿ ನುಡಿ ತಂತ್ರಾಂಶವನ್ನೂ ಅದರ ಫಾಂಟುಗಳನ್ನೂ ಇಟ್ಟಿದ್ದೇನೆ. ವಿಂಡೋಸ್ ಹೊಸದಾಗಿ ಹಾಕಬೇಕಾಗಿ ಬಂದರೆ, ಯುನಿಕೋಡ್‌ಗೂ ಮೊದಲು ಬರೆದ ಹಳೆಯ ಫೈಲುಗಳು ಆ ಫಾಂಟುಗಳಿಲ್ಲದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಕೊಳ್ಳುವುದು ಬಿಟ್‌ಲಾಕರ್ ಕೀಲಿಯಲ್ಲಿ. ವಿಂಡೋಸ್ 11 ಇರುವ ಬಹಳಷ್ಟು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಸಾಕು, ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಆ ಬೀಗವನ್ನು ದಿನವೂ ನಮಗೆ ತಿಳಿಯದಂತೆ ತೆರೆಯುವುದು ಟಿಪಿಎಂ ಎಂಬ ಭದ್ರತಾ ಭಾಗ. ಅದಿರುವುದು ಮದರ್‌ಬೋರ್ಡಿನ ಮೇಲೆ. ಬೋರ್ಡ್ ಬದಲಾದರೆ ಹೊಸ ಟಿಪಿಎಂಗೆ ನಮ್ಮ ಡಿಸ್ಕಿನ ಪರಿಚಯವಿಲ್ಲ. ಆಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಟೆಕ್ನಿಷಿಯನ್ ಬಳಿ ಇರುವುದಿಲ್ಲ, ಕಂಪನಿಯ ಬಳಿಯೂ ಇರುವುದಿಲ್ಲ. ಸಾಮಾನ್ಯವಾಗಿ ನಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ. ಮೊಬೈಲಿನಿಂದ ಲಾಗಿನ್ ಆಗಿ, ಆರಾರು ಅಂಕಿಗಳ ಎಂಟು ಗುಂಪುಗಳನ್ನು ಕಾಗದಕ್ಕೆ ಇಳಿಸಿಕೊಂಡು, ಮಗಳಿಂದ ಓದಿಸಿ ತಾಳೆ ನೋಡಿದೆ. ದಿನಾ ಒತ್ತುವ ನಾಲ್ಕಂಕಿಯ ಪಿನ್ ಕೂಡ ಹಳೆಯ ಬೋರ್ಡಿನೊಂದಿಗೇ ಹೋಗುತ್ತದೆ. ಆಗ ಬೇಕಾಗುವುದು ಖಾತೆಯ ನಿಜವಾದ ಪಾಸ್‌ವರ್ಡ್. ಪಿನ್ ಬಳಸಿ ಬಳಸಿ ಅದು ಎಷ್ಟೋ ಜನರಿಗೆ ಮರೆತೇ ಹೋಗಿರುತ್ತದೆ. ಪಾಸ್‌ವರ್ಡ್ ಬದಲಿಸಲು ಕೋಡ್ ಬರುವ ಮೊಬೈಲ್ ನಂಬರ್ ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಮರುದಿನ ಬಂದ ಹುಡುಗನಿಗೆ ಕಿಟಕಿ ಪಕ್ಕದ ಮೇಜು ಖಾಲಿ ಮಾಡಿಕೊಟ್ಟೆ. ಅವನು ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದ. ಉದ್ದದ ಸ್ಕ್ರೂ ಒಂದು ಕಡೆ, ಗಿಡ್ಡದ್ದು ಇನ್ನೊಂದು ಕಡೆ, ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟ. ತಪ್ಪಿ ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಒಳಗಿನ ಭಾಗವನ್ನೇ ಒತ್ತಿ ಹಾಳುಮಾಡಬಹುದು. ಅಂಥ ಕೆಲಸ ಮಾಡುವವರನ್ನು ಮಾತಿಗೆ ಎಳೆಯಬಾರದು. ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಹೊಸ ಬೋರ್ಡ್ ಹಾಕಿ ಆನ್ ಮಾಡಿದಾಗ ನೀಲಿ ಪರದೆ ಬಂತು. ‘ಕೀ ಇದೆಯಾ ಮೇಡಂ? ಎಷ್ಟೋ ಮನೇಲಿ ಇಲ್ಲೇ ನಿಂತುಬಿಡುತ್ತೆ’ ಎಂದ. ಕಾಗದ ತೆಗೆದು ನಾನೇ ಒತ್ತಿದೆ. ಪಾಸ್‌ವರ್ಡನ್ನೂ ನಾನೇ ಹಾಕಿದೆ. ಕೀಲಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ಬರೆದುಕೊಡುವ ಅಗತ್ಯ ಇಂಥ ರಿಪೇರಿಯಲ್ಲಿ ಬರುವುದಿಲ್ಲ. ಅವನೂ ಕೇಳಲಿಲ್ಲ. ಅಷ್ಟರಲ್ಲಿ ಅತ್ತೆ ಕಾಫಿ ತಂದು, ‘ಮೊದಲು ಕುಡಿಯಪ್ಪಾ, ಆರಿಹೋಗುತ್ತೆ’ ಎಂದು ಅವನ ಕೈಗೇ ಕೊಟ್ಟರು.

ಕೆಲಸ ಮುಗಿದ ಮೇಲೆ ನಮ್ಮ ದೂರನ್ನು ಮುಚ್ಚಲು ಓಟಿಪಿ ಕೇಳುತ್ತಾರೆ. ಅದನ್ನು ಕೊಡುವ ಮುಂಚೆ ಎಲ್ಲ ಕೀಗಳನ್ನೂ ಒತ್ತಿ ನೋಡಿ. ಕ್ಯಾಮೆರಾ, ಮೈಕ್, ಸ್ಪೀಕರ್, ವೈಫೈ, ಪ್ರತಿ ಯುಎಸ್‌ಬಿ ಪೋರ್ಟ್, ಚಾರ್ಜಿಂಗ್ ಎಲ್ಲವನ್ನೂ ಪರೀಕ್ಷಿಸಿ. ಹೊಸ ಬೋರ್ಡಿಗೆ ನಿಮ್ಮ ಹಳೆಯ ಸೀರಿಯಲ್ ನಂಬರನ್ನೇ ಹಾಕಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ಮುಂದೆ ವಾರಂಟಿ ಸಿಗುವುದು ಆ ನಂಬರಿನ ಮೇಲೆಯೇ. ಕೆಟ್ಟ ಪಾರ್ಟನ್ನು ಅವರು ವಾಪಸ್ ಒಯ್ಯುವುದು ಸಾಮಾನ್ಯ ನಿಯಮ. ಒಯ್ಯಲಿ, ಆದರೆ ನಿಮ್ಮ ಎಸ್‌ಎಸ್‌ಡಿ ಅದರ ಜೊತೆ ಹೋಗದಿರಲಿ. ಸರ್ವಿಸ್ ರಿಪೋರ್ಟಿನಲ್ಲಿ ಬದಲಿಸಿದ ಪಾರ್ಟಿನ ಹೆಸರು ಇದೆಯೇ ಎಂದು ಓದಿ ಸಹಿ ಹಾಕಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಇಷ್ಟಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಅವನು ತಾಳ್ಮೆಯಿಂದ ಕಾದ. ಆಮೇಲೆ ಓಟಿಪಿ ಹೇಳಿದೆ.