ದಡದ ಮೇಲೆ ನಿಂತ ಗುರು

ಗುರುವಿನ ಹಿರಿಮೆಯನ್ನು ಶಿಷ್ಯರಿಂದ ಅಳೆಯುವುದು ಕುಂದಗೋಳದವರಿಗೆ ಹೊಸದಲ್ಲ. ಸವಾಯಿ ಗಂಧರ್ವರೆಂದು ನಾಡಿಗೆ ಪರಿಚಿತರಾದ ರಾಮಭಾವು ಕುಂದಗೋಳಕರರನ್ನು (1886–1952) ನೆನೆದೊಡನೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲರೂ, ಗುರುಗೃಹದಲ್ಲಿ ದುಡಿದು ಕಲಿತ ಭೀಮಸೇನ ಜೋಶಿಯವರೂ ಕಣ್ಮುಂದೆ ಬರುತ್ತಾರೆ. ಆದರೆ ಸಂಗೀತದ ಗುರುವಿಗೆ ಒಂದು ಅನುಕೂಲವುಂಟು. ಶಿಷ್ಯನ ಸ್ವರ ತಪ್ಪಿದ ಕ್ಷಣದಲ್ಲಿಯೇ ಅವನು ತಿದ್ದಬಲ್ಲನು. ಈಜಿನ ಗುರುವಿಗೆ ಅದೂ ಇಲ್ಲ. ಶಿಷ್ಯನ ಕಿವಿ ನೀರಿನೊಳಗಿರುತ್ತದೆ. ಗುರು ಗಡಿಯಾರ ಹಿಡಿದು ದಡದ ಮೇಲೆ ನಿಂತಿರುತ್ತಾನೆ. ಹೇಳಬೇಕಾದುದನ್ನೆಲ್ಲ ಮೊದಲೇ ಹೇಳಿ ಮುಗಿಸಿರಬೇಕು. ಇಂತಹ ವೃತ್ತಿಯಲ್ಲಿ ಬಾಳನ್ನು ಸವೆಸಿದ ಬೆಂಗಳೂರಿನ ಎಸ್. ಪ್ರದೀಪ್ ಕುಮಾರರ ಸಾಧನೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರದೀಪ್ ಕುಮಾರರ ಕಾರ್ಯಕ್ಷೇತ್ರ ಬಸವನಗುಡಿಯ ಈಜುಕೇಂದ್ರ. ಅಲ್ಲಿ ಅವರ ಕೈಕೆಳಗೆ ಪಳಗಿದ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಗೆ ಇಳಿದರು. ಈಜಿನ ಮೊದಲ ಪಾಠಗಳನ್ನು ಚೆನ್ನೈಯಲ್ಲಿ ಕಲಿತ ಆಕೆಗಾಗಿ ಕುಟುಂಬವೇ ಬೆಂಗಳೂರಿಗೆ ಬಂದು ನೆಲೆಸಿತೆಂಬುದು ಗಮನಾರ್ಹ. ಒಳ್ಳೆಯ ಕೊಳವಿರುವಲ್ಲಿಗೆ ಜನ ವಿಹಾರಕ್ಕೆ ಹೋಗುತ್ತಾರೆ. ಒಳ್ಳೆಯ ಗುರುವಿರುವಲ್ಲಿಗೆ ಮನೆಯನ್ನೇ ಸಾಗಿಸುತ್ತಾರೆ. 2016ರಲ್ಲಿ ಕೇಂದ್ರ ಸರಕಾರವು ಪ್ರದೀಪ್ ಕುಮಾರರಿಗೆ ಜೀವಮಾನದ ಸಾಧನೆಗಾಗಿ ದ್ರೋಣಾಚಾರ್ಯ ಪ್ರಶಸ್ತಿಯನ್ನಿತ್ತು ಗೌರವಿಸಿತು. ಪ್ರಶಸ್ತಿಯ ಹೆಸರಿನ ಬಗ್ಗೆ ಒಂದು ಮಾತು: ಶಿಷ್ಯನ ಹೆಬ್ಬೆರಳನ್ನು ಕೇಳಿದ ಗುರುವಿನ ಹೆಸರನ್ನು ಇದಕ್ಕೇಕೆ ಇಟ್ಟರೋ ತಿಳಿಯದು. ಇವರ ವಿಷಯದಲ್ಲಂತೂ ಆ ಹೆಸರು ಒಪ್ಪುವುದಿಲ್ಲ.

ಅವರ ವೃತ್ತಿಯ ನಿಜವಾದ ಪರೀಕ್ಷೆ ಪ್ರಶಸ್ತಿಯ ಅನಂತರವೇ ಒದಗಿತು. ಕೇರಳದ ಇಡುಕ್ಕಿಯಲ್ಲಿ ಜನಿಸಿ, ತಮಿಳುನಾಡಿನ ನೈವೇಲಿಯಲ್ಲಿ ಬೆಳೆದ ಸಾಜನ್ ಪ್ರಕಾಶ್ ಬೆಂಗಳೂರಿಗೆ ಬಂದು ಅವರ ಶಿಷ್ಯರಾದವರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಈಜಿದರು. 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ 200 ಮೀಟರ್ ಬಟರ್‌ಫ್ಲೈ ಸ್ಪರ್ಧೆಯ ಅಂತಿಮ ಸುತ್ತಿಗೇರಿ ಐದನೆಯವರಾದರು. ಬಟರ್‌ಫ್ಲೈ ಎಂದರೆ ಎರಡೂ ತೋಳುಗಳನ್ನು ಒಮ್ಮೆಗೇ ನೀರಿನಿಂದ ಮೇಲೆತ್ತಿ ಮುಂದಕ್ಕೆಸೆಯುವ ಈಜು. ಅದರ ಭಾರವೆಲ್ಲ ಭುಜ, ಬೆನ್ನುಗಳ ಮೇಲೆ. ಅಂತಹ ಈಜುಪಟುವಿಗೆ ಕುತ್ತಿಗೆಯ ಡಿಸ್ಕ್ ಜಾರಿತು. ಕೋವಿಡ್ ಹಬ್ಬಿದ 2020ರಲ್ಲಿ ಅವರು ಥಾಯ್ಲೆಂಡಿನಲ್ಲಿ ಸಿಲುಕಿದ್ದರು. ಕೊಳಗಳು ಮುಚ್ಚಿದ್ದವು; ತೋಳು ಎತ್ತುವುದೇ ಕಷ್ಟವಾಗಿತ್ತು. ಆ ಹೊತ್ತಿಗೆ ಪ್ರದೀಪ್ ಕುಮಾರರು ದುಬೈಯಲ್ಲಿ ತರಬೇತಿ ನೀಡುತ್ತಿದ್ದರು. ಆಗಸ್ಟ್ ತಿಂಗಳಲ್ಲಿ ಶಿಷ್ಯ ಅಲ್ಲಿಗೆ ಹೋಗಿ ಸೇರಿದರು.

ನೊಂದ ದೇಹವನ್ನು ಮತ್ತೆ ನೀರಿಗಿಳಿಸುವ ಕೆಲಸದಲ್ಲಿ ಗುರುವಿನ ವಿವೇಕ ಎರಡು ಕಡೆ ಬೇಕಾಗುತ್ತದೆ. ಹೆಚ್ಚು ಈಜಿಸಿದರೆ ಗಾಯ ಮರುಕಳಿಸುತ್ತದೆ. ಕಡಿಮೆ ಈಜಿಸಿದರೆ ಕಸುವು ಬಾರದು. ಸ್ಪರ್ಧೆ ಸಮೀಪಿಸಿದಾಗ ಅಭ್ಯಾಸದ ಭಾರವನ್ನು ಬೇಕೆಂದೇ ಇಳಿಸಿ ದೇಹಕ್ಕೆ ವಿಶ್ರಾಂತಿ ಕೊಡಬೇಕು. ಎಷ್ಟು ದಿನ ಮೊದಲು, ಎಷ್ಟು ಪ್ರಮಾಣದಲ್ಲಿ ಇಳಿಸಬೇಕೆಂಬುದಕ್ಕೆ ಎಲ್ಲರಿಗೂ ಹೊಂದುವ ಸೂತ್ರವಿಲ್ಲ. ಪರೀಕ್ಷೆಗೆ ಮುನ್ನ ವಿದ್ಯಾರ್ಥಿಗೆ ಓದು ಸಾಕು ಎಂದು ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಶಿಕ್ಷಕರಿಗಿದೆ?

ಟೋಕಿಯೋ ಒಲಿಂಪಿಕ್ಸಿಗೆ ನೇರವಾಗಿ ಅರ್ಹರಾಗಲು 1 ನಿಮಿಷ 56.48 ಸೆಕೆಂಡುಗಳೊಳಗೆ 200 ಮೀಟರ್ ಮುಗಿಸಬೇಕಿತ್ತು. 2021ರ ಜೂನ್ ತಿಂಗಳಲ್ಲಿ ಬೆಲ್‌ಗ್ರೇಡಿನಲ್ಲಿ ಸಾಜನ್ 1 ನಿಮಿಷ 56.96 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ರಾಷ್ಟ್ರೀಯ ದಾಖಲೆಯೇನೋ ಆಯಿತು, ಅರ್ಹತೆ ಸಿಗಲಿಲ್ಲ. ಕೆಲವೇ ದಿನಗಳ ಬಳಿಕ, ಜೂನ್ 26ರಂದು ರೋಮಿನಲ್ಲಿ 1 ನಿಮಿಷ 56.38 ಸೆಕೆಂಡು! ಈ ಬಗೆಯ ನೇರ ಅರ್ಹತೆಯನ್ನು ಗಳಿಸಿದ ಮೊದಲ ಭಾರತೀಯ ಈಜುಪಟು ಅವರೇ. ಉಳಿದದ್ದು ಸೆಕೆಂಡಿನ ಹತ್ತನೆಯ ಒಂದು ಭಾಗ. ಆ ವೇಗದಲ್ಲಿ ಅದು ಸುಮಾರು 17 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಐವತ್ತು ಮೀಟರ್ ಕೊಳದ ನಾಲ್ಕು ಉದ್ದಗಳಿಗೆ ಹಂಚಿದರೆ ಒಂದೊಂದಕ್ಕೆ ಎರಡು ಬೆರಳಿನಷ್ಟು ಅಗಲ. ಒಬ್ಬ ಗುರುವಿನ ವರ್ಷಗಳ ದುಡಿಮೆ ಕೊನೆಗೆ ಕಾಣಿಸಿಕೊಂಡದ್ದು ಇಷ್ಟರಲ್ಲಿ.

ಬೆಂಗಳೂರಿನ ಮತ್ತೊಬ್ಬ ತರಬೇತುದಾರ ನಿಹಾರ್ ಅಮೀನರನ್ನು ಇಲ್ಲಿ ಸ್ಮರಿಸದಿರಲಾಗದು. ಇವರಿಗೆ 2015ರಲ್ಲಿಯೇ ದ್ರೋಣಾಚಾರ್ಯ ಪ್ರಶಸ್ತಿ ಸಂದಿತ್ತು. ನಮ್ಮ ನೆರೆಯ ಕೊಲ್ಹಾಪುರದಿಂದ ಬಂದ ವೀರ್‌ಧವಲ್ ಖಾಡೆ ಇವರ ಶಿಷ್ಯರು. ಖಾಡೆ 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡೆಗಳಲ್ಲಿ ಕಂಚು ಗೆದ್ದಾಗ, 1986ರಲ್ಲಿ ಖಜಾನ್ ಸಿಂಗರು ಪಡೆದ ಬೆಳ್ಳಿಯ ತರುವಾಯ 24 ವರ್ಷಗಳ ಮೇಲೆ ಭಾರತಕ್ಕೆ ಆ ಕ್ರೀಡೆಗಳಲ್ಲಿ ಈಜಿನ ಪದಕ ದೊರೆಯಿತು.

ಇನ್ನು ನಮ್ಮ ಸೀಮೆಯ ಮಾತು. ಈ ಎರೆಭೂಮಿಯಲ್ಲಿ ಹಿಂದಿನವರು ಬಾವಿಗಿಳಿದು, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತರು. ಕಲಿಸಲು ಮನೆಯ ಹಿರಿಯರು ಮೇಲೆ ಹಗ್ಗ ಹಿಡಿದು ನಿಂತಿರುತ್ತಿದ್ದರು. ಈಗ ಬಾವಿಗಳು ಬತ್ತಿವೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಕೃಷಿಹೊಂಡಗಳು ತುಂಬಿವೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಅವುಗಳ ಅಂಚು ಒದ್ದೆಯಾದರೆ ಕಾಲು ನಿಲ್ಲದು. ಒಳಗೆ ಬಿದ್ದ ಮಗುವಿಗೆ ಹಿಡಿಯಲು ಏನೂ ಸಿಗದು. ದಾನಿಗಳು ಕೊಟ್ಟ ಹಣದಿಂದ ಕೊಳ ಕಟ್ಟಿಸಿ ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು. ಒಬ್ಬ ದೈಹಿಕ ಶಿಕ್ಷಕರನ್ನು ಈಜಿನ ತರಬೇತಿಗೆ ಕಳುಹಿಸಿದ ವೆಚ್ಚಕ್ಕೆ ಯಾವ ಕಲ್ಲೂ ಇಲ್ಲ. ಆದರೂ ಶಾಲೆ ಮೊದಲು ಮಾಡಬೇಕಾದ ಖರ್ಚು ಅದು. ಆ ಶಿಕ್ಷಕರು ಬೇಸಿಗೆಯ ರಜೆಯಲ್ಲಿ ಕಲಿಸಬೇಕಾದದ್ದು ಮೂರೇ: ಮುಖವನ್ನು ನೀರಿನಲ್ಲಿಟ್ಟು ಉಸಿರು ಬಿಡುವುದು, ಅಂಗಾತ ತೇಲುವುದು, ಮುಳುಗುತ್ತಿರುವವರತ್ತ ತಾನು ಹಾರದೆ ದಡದಿಂದ ಹಗ್ಗವನ್ನೆಸೆಯುವುದು.